ಪ್ರಾಸ್ಟೇಟ್ ಕ್ಯಾನ್ಸರ್‌ಗೆ ರೇಡಿಯೇಶನ್: ಯಂತ್ರದ ಗುರಿ, ರೋಗಿಯ ಹೊಟ್ಟೆ

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ರೇಡಿಯೇಶನ್ ಬೇಕು ಎಂದಾಗ ಅಥಣಿ, ಜಮಖಂಡಿ, ಇಂಡಿ ಕಡೆಯ ಮನೆಮಂದಿ ಕೇಳುವುದು ಎರಡೇ: ‘ಎಷ್ಟ ದಿನ ಕರೆಂಟ್ ಇಡಬೇಕ್ರಿ? ರೊಕ್ಕ ಎಷ್ಟ ಆಗ್ತದರಿ?’ ಎರಡೂ ನ್ಯಾಯವಾದ ಪ್ರಶ್ನೆಗಳು. ಆದರೆ ಚಿಕಿತ್ಸೆ ಹೇಗೆ ಸಾಗುತ್ತದೆ, ಎಷ್ಟು ಕಾಡುತ್ತದೆ ಎಂಬುದನ್ನು ಬಹುಪಾಲು ತೀರ್ಮಾನಿಸುವ ಇನ್ನೊಂದು ಸಂಗತಿಯನ್ನು ಯಾರೂ ಕೇಳುವುದಿಲ್ಲ, ಎಷ್ಟೋ ಕಡೆ ಬಿಡಿಸಿ ಹೇಳುವುದೂ ಇಲ್ಲ. ದಿನವೂ ಟೇಬಲ್ ಮೇಲೆ ಮಲಗುವ ಹೊತ್ತಿಗೆ ರೋಗಿಯ ಮೂತ್ರಕೋಶ ಎಷ್ಟು ತುಂಬಿರಬೇಕು, ಗುದನಾಳ ಎಷ್ಟು ಖಾಲಿ ಇರಬೇಕು ಎಂಬುದು ಅದು. ಈಗಿನ ಯಂತ್ರಗಳು ಮಿಲಿಮೀಟರ್ ಲೆಕ್ಕದಲ್ಲಿ ಗುರಿ ಹಿಡಿಯುತ್ತವೆ. ಗುರಿಯೇ ಸರಿದಾಡಿದರೆ ಆ ನಿಖರತೆ ಕೆಲಸಕ್ಕೆ ಬಾರದು.

ಪ್ರಾಸ್ಟೇಟ್ ಗಂಡಸರಲ್ಲಿ ಮಾತ್ರ ಇರುವ, ಸಣ್ಣ ನಿಂಬೆಹಣ್ಣಿನಷ್ಟು ಗ್ರಂಥಿ. ವಯಸ್ಸಾದಂತೆ ಬೆಳೆದು ಎರಡು ಮೂರು ಪಟ್ಟು ಆಗುವುದೂ ಉಂಟು. ಅದರ ನೆತ್ತಿಯ ಮೇಲೆ ಮೂತ್ರಕೋಶ, ಬೆನ್ನಿಗೆ ಅಂಟಿಕೊಂಡು ಗುದನಾಳ, ನಟ್ಟನಡುವೆ ಹಾದುಹೋಗುವ ಮೂತ್ರನಾಳ. ಗುದನಾಳದ ಗೋಡೆಗೂ ಪ್ರಾಸ್ಟೇಟಿಗೂ ನಡುವೆ ಇರುವ ಅಂತರ ಕೆಲವೇ ಮಿಲಿಮೀಟರ್. ಈ ಚಿಕಿತ್ಸೆಯ ಅಡ್ಡಪರಿಣಾಮಗಳೆಲ್ಲ ಈ ಇಕ್ಕಟ್ಟಿನಿಂದಲೇ ಹುಟ್ಟುತ್ತವೆ. ಮೂತ್ರದ ಉರಿ ಯಾಕೆ, ಸಂಡಾಸದಲ್ಲಿ ರಕ್ತ ಯಾಕೆ ಎಂದು ಮುಂದೆ ಕೇಳುವಾಗ ಈ ನೆರೆಹೊರೆಯನ್ನು ನೆನಪಿಟ್ಟರೆ ಸಾಕು.

ಯಾರಿಗೆ ರೇಡಿಯೇಶನ್?

ತೀರ್ಮಾನಕ್ಕೆ ಮೂರು ಸಂಗತಿ ಬೇಕು: ರಕ್ತದ ಪಿಎಸ್ಎ (ಪ್ರಾಸ್ಟೇಟ್ ಬಿಡುವ ಒಂದು ಪ್ರೋಟೀನಿನ ಮಟ್ಟ), ಬಯಾಪ್ಸಿ ರಿಪೋರ್ಟಿನ ಗ್ಲೀಸನ್ ಸ್ಕೋರ್ (ಕ್ಯಾನ್ಸರ್ ಎಷ್ಟು ಉಗ್ರ ಎಂಬ ಅಂಕ), ಕಾಯಿಲೆ ಎಲ್ಲಿಯವರೆಗೆ ಹಬ್ಬಿದೆ ಎಂಬ ಹಂತ. ಪಿಎಸ್ಎ 10ಕ್ಕಿಂತ ಕಡಿಮೆ, ಗ್ಲೀಸನ್ 6, ಗ್ರಂಥಿಯೊಳಗೆ ಸಣ್ಣ ಗಂಟು — ಇದು ಕಡಿಮೆ ಅಪಾಯದ ಗುಂಪು. ಪಿಎಸ್ಎ 10ರಿಂದ 20 ಅಥವಾ ಗ್ಲೀಸನ್ 7 ಇದ್ದರೆ ಮಧ್ಯಮ. ಪಿಎಸ್ಎ 20 ದಾಟಿದ್ದರೆ, ಗ್ಲೀಸನ್ 8ರಿಂದ 10 ಇದ್ದರೆ, ಇಲ್ಲವೇ ಕಾಯಿಲೆ ಗ್ರಂಥಿಯ ಹೊರಪೊರೆ ದಾಟಿದ್ದರೆ ಹೆಚ್ಚಿನ ಅಪಾಯ. ಕಡಿಮೆ ಅಪಾಯದವರಲ್ಲಿ ಬಹಳ ಮಂದಿಗೆ ಕೂಡಲೇ ಏನೂ ಮಾಡಬೇಕಾಗಿಲ್ಲ. ಪಿಎಸ್ಎ, ಎಂಆರ್‌ಐ, ಬೇಕಾದಾಗ ಮರುಬಯಾಪ್ಸಿ ಎಂದು ನಿಗಾ ಇಟ್ಟರೆ ಆಯಿತು. ‘ಕ್ಯಾನ್ಸರ್ ಅಂತ ಗೊತ್ತಾದ ಮ್ಯಾಲೂ ಸುಮ್ಮನ ಕುಂಡ್ರೋದ?’ ಎಂದು ಮಕ್ಕಳು ಹೌಹಾರುವುದು ಸಹಜ. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನ ಅದಕ್ಕೆ ಉತ್ತರ ಕೊಡುತ್ತದೆ. ಗ್ರಂಥಿಯೊಳಗೇ ಇದ್ದ ಕಾಯಿಲೆಯ 1,643 ಗಂಡಸರನ್ನು ಆಪರೇಷನ್, ರೇಡಿಯೇಶನ್, ಬರೀ ನಿಗಾ ಎಂದು ಮೂರು ಗುಂಪು ಮಾಡಿ ಗಮನಿಸಿದರು. 2023ರಲ್ಲಿ ಬಂದ 15 ವರ್ಷದ ಲೆಕ್ಕದ ಪ್ರಕಾರ, ಯಾವ ಗುಂಪಿನಲ್ಲಿದ್ದರೂ ಈ ಕ್ಯಾನ್ಸರಿನಿಂದಲೇ ತೀರಿಕೊಂಡವರು 100ಕ್ಕೆ ಸುಮಾರು 3 ಜನ. ವ್ಯತ್ಯಾಸ ಕಂಡದ್ದು ದಿನದ ಬದುಕಿನಲ್ಲಿ. ಆಪರೇಷನ್ ಆದವರಿಗೆ ಮೂತ್ರ ಸೋರಿಕೆ, ಲೈಂಗಿಕ ದೌರ್ಬಲ್ಯ ಹೆಚ್ಚು. ರೇಡಿಯೇಶನ್ ಆದವರಿಗೆ ಸಂಡಾಸದ ತೊಂದರೆ ಹೆಚ್ಚು.

ಆ ಅಧ್ಯಯನದವರು ತಪಾಸಣೆಯಲ್ಲಿ ಬೇಗ ಪತ್ತೆಯಾದವರು ಎಂಬುದನ್ನು ಮಾತ್ರ ಮರೆಯಬಾರದು. ನಮ್ಮ ಕಡೆ ಎಷ್ಟೋ ಮಂದಿ ಬರುವುದು ಸೊಂಟನೋವು ಶುರುವಾದ ಮೇಲೆ ಅಥವಾ ಮೂತ್ರ ಕಟ್ಟಿ ಕ್ಯಾತಿಟರ್ ಹಾಕಿಸಿಕೊಂಡ ಮೇಲೆ. ಮೂಳೆಗೆ ಹಬ್ಬಿದ ಜಾಗಗಳು ಕೆಲವೇ ಇದ್ದರೆ, ಹಾರ್ಮೋನ್ ಚಿಕಿತ್ಸೆಯ ಜೊತೆಗೆ ಪ್ರಾಸ್ಟೇಟಿಗೂ ರೇಡಿಯೇಶನ್ ಕೊಟ್ಟರೆ ಆಯುಷ್ಯ ಹೆಚ್ಚುತ್ತದೆ ಎಂದು ಸ್ಟಾಂಪೀಡ್ ಅಧ್ಯಯನ 2018ರಲ್ಲಿ ತೋರಿಸಿತು. ಅಲ್ಲಿ ಬಳಸಿದ ಎರಡು ಕ್ರಮಗಳಲ್ಲಿ ಒಂದು ವಾರಕ್ಕೊಮ್ಮೆಯಂತೆ 6 ಸಲ, ಒಟ್ಟು 36 ಗ್ರೇ (ಗ್ರೇ ಎಂದರೆ ರೇಡಿಯೇಶನ್ ಡೋಸಿನ ಅಳತೆ). ದೂರದ ಹಳ್ಳಿಯಿಂದ ಬಂದುಹೋಗುವವರು ಇದನ್ನು ಕೇಳಿ ನೋಡಬಹುದು.

ದಿನದ ಲೆಕ್ಕ

ಮೊದಲೇ ಹೇಳಿಬಿಡುವುದು ಒಳ್ಳೆಯದು: ಜನರ ಬಾಯಲ್ಲಿ ಇದು ಕರೆಂಟ್ ಆದರೂ ಮೈಗೆ ವಿದ್ಯುತ್ ತಾಗುವುದಿಲ್ಲ. ಲಿನ್ಯಾಕ್ ಎಂಬ ಯಂತ್ರ ಹೆಚ್ಚು ಶಕ್ತಿಯ ಎಕ್ಸ್‌ರೇ ಕಿರಣ ಹಾಯಿಸುತ್ತದೆ. ಕಿರಣ ಜೀವಕೋಶದ ಡಿಎನ್ಎಯನ್ನು ತುಂಡರಿಸುತ್ತದೆ. ಆರೋಗ್ಯವಂತ ಕೋಶ ರಾತ್ರಿ ಕಳೆಯುವುದರೊಳಗೆ ಬಹಳಷ್ಟು ರಿಪೇರಿ ಮಾಡಿಕೊಳ್ಳುತ್ತದೆ. ಕ್ಯಾನ್ಸರ್ ಕೋಶಕ್ಕೆ ಅದು ಅಷ್ಟು ಸರಿಯಾಗಿ ಬರುವುದಿಲ್ಲ. ಹಾಗೆಂದು ಅದು ಆ ಕ್ಷಣದಲ್ಲೇ ಸಾಯುವುದೂ ಇಲ್ಲ, ಒಡೆದು ಎರಡಾಗಲು ಹೋದಾಗ ಸಾಯುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳು ನಿಧಾನವಾಗಿ ಒಡೆಯುವ ಜಾತಿ. ಆದ್ದರಿಂದ ಚಿಕಿತ್ಸೆ ಮುಗಿದ ಮರುದಿನ ಫಲಿತಾಂಶ ಹುಡುಕುವುದರಲ್ಲಿ ಅರ್ಥವಿಲ್ಲ.

ಹಳೆಯ ಪದ್ಧತಿಯಲ್ಲಿ ದಿನಕ್ಕೆ 2 ಗ್ರೇಯಂತೆ 37ರಿಂದ 39 ದಿನ ಕೊಡುತ್ತಿದ್ದರು, ಅಂದರೆ ಎಂಟು ವಾರ. ಈ ಕ್ಯಾನ್ಸರಿಗೆ ಒಂದು ಗುಣವಿದೆ: ಸಣ್ಣ ಡೋಸನ್ನು ಬಹಳ ಸಲ ಕೊಡುವುದಕ್ಕಿಂತ ದೊಡ್ಡ ಡೋಸನ್ನು ಕೆಲವೇ ಸಲ ಕೊಟ್ಟರೆ ಹೆಚ್ಚು ಪೆಟ್ಟು ತಿನ್ನುತ್ತದೆ. ಇದನ್ನೇ ಹಿಡಿದು 3,216 ಜನರ ಮೇಲೆ ನಡೆದ ಚಿಪ್ ಅಧ್ಯಯನ, 20 ದಿನಗಳಲ್ಲಿ 60 ಗ್ರೇ ಕೊಟ್ಟರೂ ಫಲ ಕಡಿಮೆಯಾಗದು ಎಂದು 2016ರಲ್ಲಿ ಹೇಳಿತು. ಈಗ ಬಹಳ ಕಡೆ ಇದೇ ರೂಢಿ: ಸೋಮವಾರದಿಂದ ಶುಕ್ರವಾರ, ನಾಲ್ಕು ವಾರ. ಇನ್ನೂ ಮುಂದೆ ಹೋದದ್ದು ಎಸ್‌ಬಿಆರ್‌ಟಿ. ಐದೇ ಸಲದಲ್ಲಿ 36.25 ಗ್ರೇ, ಒಂದೆರಡು ವಾರದಲ್ಲಿ ಮುಗಿಯುತ್ತದೆ. 2024ರಲ್ಲಿ ಬಂದ ಪೇಸ್-ಬಿ ಅಧ್ಯಯನದಲ್ಲಿ ಐದು ವರ್ಷದ ಕೊನೆಗೆ ಕಾಯಿಲೆ ತಲೆ ಎತ್ತದೆ ಇದ್ದವರು ಈ ಗುಂಪಿನಲ್ಲಿ ಶೇ. 95.8, ಹೆಚ್ಚು ದಿನ ಪಡೆದ ಗುಂಪಿನಲ್ಲಿ ಶೇ. 94.6. ಮೂತ್ರದ ಕಿರಿಕಿರಿ ಮಾತ್ರ ಐದರ ಗುಂಪಿನಲ್ಲಿ ಸ್ವಲ್ಪ ಹೆಚ್ಚು. ಹೀಗಾಗಿ ಗ್ರಂಥಿ ಬಹಳ ದೊಡ್ಡದಿದ್ದವರಿಗೆ, ಈಗಾಗಲೇ ಮೂತ್ರ ತಿಣುಕಿ ಮಾಡುವವರಿಗೆ, ಕಾಯಿಲೆ ಪೊರೆ ದಾಟಿದವರಿಗೆ ಐದು ದಿನದ ಚಿಕಿತ್ಸೆಯನ್ನು ವೈದ್ಯರು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಬೇಗ ಮುಗಿಯುತ್ತದೆ ಎಂಬ ಒಂದೇ ಕಾರಣಕ್ಕೆ ಹಟ ಹಿಡಿಯುವುದು ಸರಿಯಲ್ಲ.

ಯಂತ್ರದ ಹೆಸರಿಗಿಂತ ಕೇಳಬೇಕಾದ ಮಾತು ಬೇರೆ ಇದೆ: ಕಿರಣವನ್ನು ಗ್ರಂಥಿಯ ಆಕಾರಕ್ಕೆ ಹೊಂದಿಸಿ ಹಾಯಿಸುವ ಐಎಂಆರ್‌ಟಿ ಅಥವಾ ವಿಮ್ಯಾಟ್ ಪ್ಲಾನ್ ಇದೆಯೇ, ದಿನವೂ ಟೇಬಲ್ ಮೇಲೆ ಸ್ಕ್ಯಾನ್ ತೆಗೆದು ಜಾಗ ನೋಡಿಕೊಂಡು ಕೊಡುತ್ತಾರೆಯೇ? ಎರಡಕ್ಕೂ ಹೌದು ಎಂದರೆ ಬೆಳಗಾವಿಯೋ ಹುಬ್ಬಳ್ಳಿಯೋ ಬೆಂಗಳೂರೋ ಎಂಬುದು ಎರಡನೆಯ ಮಾತು. ಹಳೆಯ ಕೋಬಾಲ್ಟ್ ಯಂತ್ರದಿಂದ ಈ ಜಾಗಕ್ಕೆ ಬೇಕಾದಷ್ಟು ಡೋಸನ್ನು ಗುದನಾಳ ಸುಡದಂತೆ ಕೊಡಲಾಗದು.

ಪ್ಲಾನಿಂಗ್ ಸ್ಕ್ಯಾನ್: ಆ ಒಂದು ದಿನದ ನಕ್ಷೆ

ಚಿಕಿತ್ಸೆಗೆ ಮುಂಚೆ ಒಂದು ಸಿಟಿ ಸ್ಕ್ಯಾನ್ ಆಗುತ್ತದೆ. ಇದು ಕಾಯಿಲೆ ಹುಡುಕುವ ಸ್ಕ್ಯಾನ್ ಅಲ್ಲ, ಕಿರಣ ಎಲ್ಲಿಂದ ಎಷ್ಟು ಹೋಗಬೇಕು ಎಂಬ ನಕ್ಷೆ ಬರೆಯಲು ತೆಗೆಯುವುದು. ಮೊಣಕಾಲಿನ ಕೆಳಗೆ, ಪಾದಕ್ಕೆ ಆಸರೆ ಕೊಟ್ಟು ಅಂಗಾತ ಮಲಗಿಸುತ್ತಾರೆ. ಕೆಲವು ಕಡೆ ಬಿಸಿನೀರಿನಲ್ಲಿ ಮೆದುವಾದ ಪ್ಲಾಸ್ಟಿಕ್ ಜಾಳಿಗೆಯನ್ನು ಸೊಂಟದ ಮೇಲೆ ಒತ್ತಿ ಅಚ್ಚು ತೆಗೆಯುತ್ತಾರೆ. ಚರ್ಮದ ಮೇಲೆ ಮೂರು ಕಡೆ ಗುರುತು ಹಾಕುತ್ತಾರೆ. ಅದು ಹಚ್ಚೆಯ ಚುಕ್ಕೆಯಾದರೆ ಚಿಂತೆಯಿಲ್ಲ. ಇಂಕಿನದಾದರೆ ಸೊಂಟಕ್ಕೆ ಸೋಪು ಹಾಕಿ ತಿಕ್ಕಬಾರದು, ಎಣ್ಣೆ ಹಚ್ಚಬಾರದು. ಬೇಸಿಗೆಯ ಬೆವರಿಗೆ ಗುರುತು ಮಾಸತೊಡಗಿದರೆ ಮನೆಯಲ್ಲಿ ಪೆನ್ನಿನಿಂದ ತಿದ್ದಬೇಡಿ, ಅವರಿಗೇ ತೋರಿಸಿ.

ಕೆಲವರಿಗೆ ಸ್ಕ್ಯಾನಿಗೆ ವಾರ ಮುಂಚೆ ಪ್ರಾಸ್ಟೇಟಿನೊಳಗೆ ಅಕ್ಕಿಕಾಳಿಗಿಂತ ಸಣ್ಣ ಮೂರು ಚಿನ್ನದ ಗುರುತುಗಳನ್ನು ಸೂಜಿಯಿಂದ ಇಡುತ್ತಾರೆ. ಎಕ್ಸ್‌ರೇಯಲ್ಲಿ ಗ್ರಂಥಿ ಕಾಣದು, ಚಿನ್ನ ಕಾಣುತ್ತದೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುಮಾಡುವ ಗುಳಿಗೆ ನುಂಗುತ್ತಿದ್ದರೆ ಸೂಜಿ ಹಾಕುವ ಮುಂಚೆಯೇ ಹೇಳಬೇಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಅದನ್ನು ತಾವಾಗಿಯೇ ನಿಲ್ಲಿಸಲೂ ಬಾರದು.

ಈಗ ಮೂತ್ರಕೋಶದ ವಿಷಯ. ಅದು ತುಂಬಿದ್ದರೆ ಅದರ ಮೇಲ್ಭಾಗವೂ ಸಣ್ಣ ಕರುಳೂ ಮೇಲಕ್ಕೆ ಸರಿದು ಕಿರಣದ ದಾರಿಯಿಂದ ಪಾರಾಗುತ್ತವೆ. ಗುದನಾಳದಲ್ಲಿ ಮಲವೋ ಗ್ಯಾಸೋ ತುಂಬಿದ್ದರೆ ಅದು ಉಬ್ಬಿ ಪ್ರಾಸ್ಟೇಟನ್ನು ಮುಂದಕ್ಕೆ ನೂಕುತ್ತದೆ; ಐದು ಮಿಲಿಮೀಟರ್, ಕೆಲವೊಮ್ಮೆ ಇನ್ನೂ ಹೆಚ್ಚು. ಪ್ಲಾನಿನಲ್ಲಿ ಗ್ರಂಥಿಯ ಸುತ್ತ ಬಿಡುವ ಅಂಚೇ 5ರಿಂದ 7 ಮಿಲಿಮೀಟರ್, ಹಿಂಬದಿಗೆ ಇನ್ನೂ ಕಡಿಮೆ. ಪ್ಲಾನಿಂಗ್ ಸ್ಕ್ಯಾನಿನ ದಿನ ಗುದನಾಳ ಉಬ್ಬಿದ್ದವರಲ್ಲಿ ಕಾಯಿಲೆ ಮರುಕಳಿಸಿದ್ದು ಹೆಚ್ಚು ಎಂದು ಅಮೆರಿಕದ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರದ ವೈದ್ಯರು 2005ರಲ್ಲೇ ತೋರಿಸಿದ್ದರು. ನಕ್ಷೆ ಬರೆದದ್ದು ಉಬ್ಬಿದ ದಿನ, ಕಿರಣ ಬಿದ್ದದ್ದು ಉಬ್ಬು ಇಳಿದ ದಿನಗಳಲ್ಲಿ. ದಿನವೂ ಸ್ಕ್ಯಾನ್ ತೆಗೆದು ನೋಡುವ ಪದ್ಧತಿ ಬಂದ ಮೇಲೆ ಈ ಅಪಾಯ ತಗ್ಗಿದೆ, ಪೂರ್ತಿ ಹೋಗಿಲ್ಲ.

ರೂಢಿಯ ಕ್ರಮ ಹೀಗಿದೆ. ಮೊದಲು ಸಂಡಾಸಕ್ಕೆ ಹೋಗಿ ಬರಬೇಕು, ಮೂತ್ರ ಪೂರ್ತಿ ಖಾಲಿ ಮಾಡಬೇಕು. ಆಮೇಲೆ ಹತ್ತು ಹದಿನೈದು ನಿಮಿಷದೊಳಗೆ 400ರಿಂದ 500 ಮಿ.ಲೀ. ನೀರು ಕುಡಿದು 40–45 ನಿಮಿಷ ಕಾಯಬೇಕು. ಅಳತೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ನಿಮ್ಮವರು ಹೇಳಿದ್ದೇ ನಿಮ್ಮ ಅಳತೆ. ಇಲ್ಲಿ ಹುರುಪಿನವರು ಎಡವುತ್ತಾರೆ. ‘ನೀರು ಕುಡೀರಿ’ ಎಂದರೆ ಸ್ಕ್ಯಾನಿನ ದಿನ ಒಂದೂವರೆ ಲೀಟರ್ ಕುಡಿದು, ಹಲ್ಲು ಕಚ್ಚಿ ತಡೆದು ಮಲಗುತ್ತಾರೆ. ನಕ್ಷೆ ಆ ಭರ್ತಿ ತುಂಬಿದ ಮೂತ್ರಕೋಶಕ್ಕೇ ಬರೆಯಲ್ಪಡುತ್ತದೆ. ಮೂರನೆಯ ವಾರ ಮೂತ್ರಕೋಶ ಉರಿದು ಅದರ ಅರ್ಧವೂ ತಡೆಯಲಾಗದ ಹೊತ್ತಿಗೆ ದಿನವೂ ಅಷ್ಟೇ ತುಂಬಿಸಿಕೊಂಡು ಬಾ ಎಂದರೆ ಎಲ್ಲಿಂದ ಬರಬೇಕು? ಹಿತವಾಗಿ ತುಂಬಿದೆ, ಇನ್ನರ್ಧ ಗಂಟೆ ತಡೆಯಬಲ್ಲೆ ಎನಿಸುವ ಮಟ್ಟ ಸಾಕು.

ನೀರಿನ ಲೆಕ್ಕ ತಪ್ಪಿಸುವ ಸಂಗತಿಗಳು ಇನ್ನೂ ಇವೆ. ವಿಜಯಪುರ, ಬಾಗಲಕೋಟೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ಬಸ್ಸಿನಲ್ಲಿ ಬೆಂದು ಬಂದವರಿಗೆ ಕುಡಿದ ನೀರು ಬೆವರಿಗೇ ಹೋಗಿ, ಮುಕ್ಕಾಲು ಗಂಟೆ ಕಾದರೂ ಮೂತ್ರಕೋಶ ಅರ್ಧ ತುಂಬುವುದಿಲ್ಲ. ಅಂಥವರು ಹಿಂದಿನ ರಾತ್ರಿಯಿಂದಲೇ ನೀರು ಮಜ್ಜಿಗೆ ಕುಡಿಯುತ್ತ ಬರಬೇಕು. ಬಿಪಿ ಗುಳಿಗೆಯಲ್ಲಿ ಮೂತ್ರ ಹೋಗಿಸುವ ಔಷಧ ಸೇರಿದ್ದರೆ, ಅಥವಾ ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ನುಂಗುತ್ತಿದ್ದರೆ ಉಲ್ಟಾ: ಇಪ್ಪತ್ತೇ ನಿಮಿಷಕ್ಕೆ ಉಕ್ಕಿಬಿಡುತ್ತದೆ. ಗುಳಿಗೆಯ ಚೀಟಿಯನ್ನು ಸ್ಕ್ಯಾನಿನ ದಿನವೇ ತೋರಿಸಿದರೆ ವೇಳೆ ಹೊಂದಿಸಿಕೊಡುತ್ತಾರೆ. ಗೋಕಾಕ, ಮುಧೋಳದಿಂದ ಹೊರಡುವಾಗಲೇ ನೀರು ಕುಡಿದು, ತಡೆದುಕೊಂಡು ಎರಡು ತಾಸು ಪ್ರಯಾಣ ಮಾಡುವುದು ಬೇಡವೇ ಬೇಡ. ಆಸ್ಪತ್ರೆ ಮುಟ್ಟಿ, ಖಾಲಿ ಮಾಡಿ, ಅಲ್ಲಿಂದ ಗಡಿಯಾರ ಶುರು. ಏಕಾದಶಿ, ಶ್ರಾವಣ ಸೋಮವಾರ, ರಂಜಾನ್ ರೋಜಾ — ನೀರು ಬಿಡುವ ಉಪವಾಸ ಇದ್ದರೆ ಮೊದಲೇ ಹೇಳಿ. ಸರದಿ ಬದಲಿಸಬಹುದು, ಇಲ್ಲವೇ ಆ ನಾಲ್ಕು ವಾರ ಉಪವಾಸ ಬಿಡಬೇಕಾಗಬಹುದು.

ಟೇಬಲ್ ಮೇಲೆ

ಸ್ಕ್ಯಾನಿಗೂ ಮೊದಲ ದಿನಕ್ಕೂ ನಡುವೆ ಸಾಮಾನ್ಯವಾಗಿ ವಾರ, ಹತ್ತು ದಿನ. ಆ ಹೊತ್ತಿನಲ್ಲಿ ವೈದ್ಯರು ಒಂದೊಂದು ಪದರದ ಮೇಲೂ ಪ್ರಾಸ್ಟೇಟ್, ಮೂತ್ರಕೋಶ, ಗುದನಾಳ, ತೊಡೆಮೂಳೆಯ ಗುಂಡು ಗುರುತಿಸುತ್ತಾರೆ. ಭೌತವಿಜ್ಞಾನಿ ಕಿರಣದ ಲೆಕ್ಕ ಹಾಕಿ ಯಂತ್ರದ ಮೇಲೆ ಪರೀಕ್ಷಿಸುತ್ತಾನೆ. ಈ ತಡದಿಂದ ಕಾಯಿಲೆ ಬೆಳೆಯುವುದಿಲ್ಲ.

ಚಿಕಿತ್ಸೆಯ ದಿನ ಒಳಗೆ ಇರುವುದು ಹದಿನೈದು ಇಪ್ಪತ್ತು ನಿಮಿಷ. ಮೊದಲು ಟೇಬಲ್ ಮೇಲೇ ಕೋನ್ ಬೀಮ್ ಸ್ಕ್ಯಾನ್ ತೆಗೆದು ಪ್ಲಾನಿನ ಚಿತ್ರದ ಮೇಲೆ ಇಟ್ಟು ನೋಡುತ್ತಾರೆ; ಟೇಬಲ್ ತಾನಾಗಿಯೇ ಒಂದೆರಡು ಮಿಲಿಮೀಟರ್ ಸರಿಯುತ್ತದೆ. ಕಿರಣ ಬೀಳುವುದು ಎರಡು ಮೂರು ನಿಮಿಷ ಮಾತ್ರ. ನೋವಿಲ್ಲ, ಬಿಸಿಯಿಲ್ಲ, ಝುಂ ಎಂಬ ಸದ್ದು ಅಷ್ಟೇ. ಕೋಣೆಯಲ್ಲಿ ಒಬ್ಬರೇ ಇದ್ದರೂ ಹೊರಗಿನವರಿಗೆ ಕ್ಯಾಮೆರಾದಲ್ಲಿ ಕಾಣುತ್ತೀರಿ, ಮಾತಾಡಿದರೆ ಕೇಳುತ್ತದೆ. ಕೆಮ್ಮು ಬಂದರೆ, ತಡೆಯಲಾಗದಿದ್ದರೆ ಕೈ ಎತ್ತಿದರೆ ನಿಲ್ಲಿಸುತ್ತಾರೆ.

ಕೆಲವು ದಿನ ಸ್ಕ್ಯಾನ್ ನೋಡಿ ಟೆಕ್ನಿಶಿಯನ್ ಒಳಗೆ ಬಂದು, ‘ಕಾಕಾ, ಹೊಟ್ಟ್ಯಾಗ ಗ್ಯಾಸ್ ಐತ್ರಿ. ಸಂಡಾಸಕ್ಕ ಹೋಗಿ, ಹತ್ತ ನಿಮಿಷ ಅಡ್ಡಾಡಿ ಬರ್ರಿ’ ಎನ್ನುತ್ತಾನೆ. ಎಷ್ಟೋ ಮಂದಿಗೆ ಇದು ಅವಮಾನ, ಅಥವಾ ಆಸ್ಪತ್ರೆಯವರ ಕಾಟ ಎನಿಸುತ್ತದೆ. ಹಿಂದೆ ಸರದಿಯಲ್ಲಿ ಕುಳಿತವರು ಗೊಣಗುವುದೂ ಉಂಟು. ನಿಜದಲ್ಲಿ ಅದು ಒಳ್ಳೆಯ ಆಸ್ಪತ್ರೆಯ ಲಕ್ಷಣ. ಎಬ್ಬಿಸಿ ಕಳಿಸದೆ, ಹೇಗಿದ್ದರೆ ಹಾಗೆ ಕಿರಣ ಹಾಯಿಸಿಬಿಡುವ ಕಡೆಯೇ ಅನುಮಾನಪಡಬೇಕು.

ಶನಿವಾರ-ಭಾನುವಾರದ ಬಿಡುವು ಲೆಕ್ಕದೊಳಗಿನದೇ. ಯಂತ್ರ ಕೆಟ್ಟು ಒಂದು ದಿನ ತಪ್ಪಿದರೆ ಕೊನೆಗೆ ಒಂದು ದಿನ ಸೇರಿಸುತ್ತಾರೆ. ನಡುವೆಯೇ ನಿಂತರೆ ಉಳಿದ ಡೋಸಿನ ಲೆಕ್ಕ ಯಂತ್ರದಲ್ಲೇ ಇರುತ್ತದೆ. ಆದರೆ ಜಾತ್ರೆ, ಮದುವೆ, ಕಬ್ಬಿನ ಕಟಾವು ಎಂದು ವಾರಗಟ್ಟಲೆ ತಪ್ಪಿಸುವುದು ಬೇರೆ ಮಾತು. ಕಾರ್ಖಾನೆಯಿಂದ ಕಟಾವಿನ ಸರದಿ ಬರುವ ತಿಂಗಳಾದರೆ ಆರಂಭದ ದಿನವನ್ನೇ ಹಿಂದುಮುಂದು ಮಾಡಿಸಿಕೊಳ್ಳಿ.

ಹೊರಗಿನಿಂದ ಕೊಡುವ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ಮನೆಗೆ ಬಂದು ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು, ಒಂದೇ ತಾಟಿನಲ್ಲಿ ಉಣ್ಣಬಹುದು.

ಊಟ

ಜೋಳದ ರೊಟ್ಟಿಯ ಊಟವೇ ತಪ್ಪು ಎಂದೇನಿಲ್ಲ. ತೊಂದರೆ ಇರುವುದು ಅದರ ಜೊತೆಗಾರರಲ್ಲಿ. ಮಡಿಕೆಕಾಳು, ಕಡಲೆ, ಅಲಸಂದಿಯ ಕಾಳುಪಲ್ಯ, ಕೋಸು, ಹಸಿ ಉಳ್ಳಾಗಡ್ಡಿ, ಮೂಲಂಗಿ — ಇವು ಗ್ಯಾಸ್ ಕಟ್ಟುತ್ತವೆ. ಸ್ಕ್ಯಾನಿಗೆ ಮೂರು ನಾಲ್ಕು ದಿನ ಮುಂಚಿನಿಂದ ಚಿಕಿತ್ಸೆ ಮುಗಿಯುವವರೆಗೆ ಇವನ್ನು ದೂರವಿಡುವುದು ಒಳ್ಳೆಯದು. ಅನ್ನ, ಮೆತ್ತಗಿನ ರೊಟ್ಟಿ ಅಥವಾ ಚಪಾತಿ, ತೊಗರಿಬೇಳೆಯ ಬದಲು ಹೆಸರುಬೇಳೆಯ ಸಾರು, ಹೀರೆ, ಸೋರೆ, ಕುಂಬಳ, ಮಜ್ಜಿಗೆ, ಬಾಳೆಹಣ್ಣು ಹೊಟ್ಟೆಗೆ ಹಗುರ. ಮಲಬದ್ಧತೆ ಇದ್ದವರಿಗೆ ಸ್ಕ್ಯಾನಿಗೆ ವಾರ ಮುಂಚೆಯೇ ಇಸಬ್ಗೋಲ್ ಅಥವಾ ಲ್ಯಾಕ್ಟುಲೋಸ್ ಶುರುಮಾಡುತ್ತಾರೆ. ಹಿಂದಿನ ರಾತ್ರಿ ಒಮ್ಮೆಲೇ ಜೋರು ಜುಲಾಬು ತೆಗೆದುಕೊಂಡರೆ ಮರುದಿನ ಹೊಟ್ಟೆ ತುಂಬ ಗ್ಯಾಸು, ನೀರು. ಚಾ, ಕಾಫಿ, ಸಾವಜಿ ಖಾರ ಎರಡನೆಯ ವಾರದಿಂದ ಮೂತ್ರದ ಉರಿಯನ್ನು ಹೆಚ್ಚಿಸುತ್ತವೆ. ದಿನಕ್ಕೆ ಆರು ಕಪ್ಪು ಚಾ ಕುಡಿಯುವವರು ಎರಡಕ್ಕೆ ಇಳಿಸಿದರೆ ರಾತ್ರಿ ಏಳುವುದು ಕಡಿಮೆಯಾಗುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ಮೂತ್ರಕೋಶದ ತೊಂದರೆ ಹೆಚ್ಚು ಕಾಲ ಕಾಡುತ್ತದೆ.

ಯಾವ ವಾರ ಏನು?

ಮೊದಲ ವಾರ ಏನೂ ಆಗುವುದಿಲ್ಲ. ಎರಡು, ಮೂರನೆಯ ವಾರದಲ್ಲಿ ಮೂತ್ರಕ್ಕೆ ಮೇಲಿಂದ ಮೇಲೆ ಅವಸರ, ಕೊನೆಯಲ್ಲಿ ಉರಿ, ಧಾರೆ ಸಣ್ಣದು, ರಾತ್ರಿ ನಾಲ್ಕೈದು ಸಲ ಏಳುವುದು. ಸಂಡಾಸ ತೆಳ್ಳಗಾಗಬಹುದು, ಲೋಳೆ ಬರಬಹುದು, ಹೋಗಿ ಬಂದ ಮೇಲೂ ಇನ್ನೂ ಇದೆ ಎನಿಸಬಹುದು. ಮಧ್ಯಾಹ್ನದ ಮೇಲೆ ದಣಿವು. ಇದು ಚಿಕಿತ್ಸೆ ಮುಗಿದ ದಿನಕ್ಕೆ ನಿಲ್ಲುವುದಿಲ್ಲ. ಮುಗಿದ ಮೇಲೂ ಒಂದೆರಡು ವಾರ ಹಾಗೇ ಇದ್ದು ಆಮೇಲೆ ಇಳಿಯುತ್ತದೆ. ಬಹುತೇಕರಿಗೆ ಆರರಿಂದ ಎಂಟು ವಾರದಲ್ಲಿ ಮೊದಲಿನಂತಾಗುತ್ತದೆ. ಕೂದಲು ಉದುರುವುದು, ವಾಂತಿ — ಇವು ಈ ಜಾಗದ ರೇಡಿಯೇಶನ್ನಿನ ಲಕ್ಷಣಗಳಲ್ಲ; ತಲೆಕೂದಲಿಗೂ ಇದಕ್ಕೂ ಸಂಬಂಧವಿಲ್ಲ.

ಧಾರೆ ಸಣ್ಣದಾದರೆ ರಾತ್ರಿ ಒಂದು ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ. ಸಾಮಾನ್ಯವಾಗಿ ಕೊಡುವ ಔಷಧ. ನುಂಗಿದ ಮೊದಲ ದಿನಗಳಲ್ಲಿ ಹಾಸಿಗೆಯಿಂದ ಥಟ್ಟನೆ ಎದ್ದರೆ ತಲೆ ಸುತ್ತಿ ಬೀಳುವವರಿದ್ದಾರೆ. ನಿಮಿಷ ಕುಳಿತು ಏಳಬೇಕು. ಉರಿ ಎಂದರೆಲ್ಲ ರೇಡಿಯೇಶನ್ನೇ ಎಂದು ತಿಳಿಯಬಾರದು: ಮೂತ್ರದಲ್ಲಿ ಸೋಂಕೂ ಇರಬಹುದು, ಒಂದು ಕಲ್ಚರ್ ಪರೀಕ್ಷೆ ಆಗಲಿ. ರಾತ್ರಿ ಏಳುವ ಕಾಟಕ್ಕೆ ದಿನವಿಡೀ ನೀರು ಬಿಡುವುದು ಎಲ್ಲರೂ ಮಾಡುವ ತಪ್ಪು. ಗಟ್ಟಿ ಮೂತ್ರ ಇನ್ನೂ ಉರಿಸುತ್ತದೆ. ಸಂಜೆ ಆರರವರೆಗೆ ಚೆನ್ನಾಗಿ ಕುಡಿದು ಆಮೇಲೆ ಕಡಿಮೆ ಮಾಡಿ.

ಮುಂಜಾನೆಯವರೆಗೆ ಕಾಯಬಾರದ ಸಂಗತಿಗಳಿವೆ. ಹೊಟ್ಟೆ ಬಿಗಿದು ಆರೆಂಟು ತಾಸು ಮೂತ್ರವೇ ಬಾರದಿದ್ದರೆ, ಚಳಿ ನಡುಕದೊಡನೆ 100.4 ಡಿಗ್ರಿ ಮೀರಿ ಜ್ವರ ಬಂದರೆ, ಮೂತ್ರದಲ್ಲಿ ರಕ್ತದ ಗಡ್ಡೆ ಬಂದರೆ ಹತ್ತಿರದ ತಾಲೂಕು ಆಸ್ಪತ್ರೆಗಾದರೂ ಆ ರಾತ್ರಿಯೇ ಹೋಗಬೇಕು. ಮೂಳೆಗೆ ಹಬ್ಬಿದ ಕಾಯಿಲೆಯವರಲ್ಲಿ ಬೆನ್ನುನೋವಿನ ಜೊತೆ ಕಾಲು ಸೋಲತೊಡಗಿದರೆ ಬೆನ್ನುಹುರಿ ಒತ್ತಿಕೊಂಡಿರಬಹುದು; ಅಲ್ಲಿ ಗಂಟೆಗಳ ಲೆಕ್ಕ.

ಗಂಡಸರು ಕೇಳಲು ನಾಚುವ ಪ್ರಶ್ನೆ ಒಂದಿದೆ. ಲೈಂಗಿಕ ಶಕ್ತಿ ಚಿಕಿತ್ಸೆ ಮುಗಿದ ಕೂಡಲೇ ಹೋಗುವುದಿಲ್ಲ. ಎರಡು ಮೂರು ವರ್ಷದಲ್ಲಿ ನಿಧಾನವಾಗಿ ಕುಂದಬಹುದು. ವೀರ್ಯ ಬಹಳ ಕಡಿಮೆಯಾಗುತ್ತದೆ ಅಥವಾ ನಿಲ್ಲುತ್ತದೆ. ಸಿಲ್ಡೆನಾಫಿಲ್ ಹಲವರಿಗೆ ನೆರವಾಗುತ್ತದೆ. ಆದರೆ ಎದೆನೋವಿಗೆ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಡುವವರು ಅದನ್ನು ಮುಟ್ಟಲೇಬಾರದು, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ.

ಹಾರ್ಮೋನ್ ಸೂಜಿ

ಮಧ್ಯಮ ಅಪಾಯದವರಲ್ಲಿ ಹಲವರಿಗೆ ಸುಮಾರು 6 ತಿಂಗಳು, ಹೆಚ್ಚಿನ ಅಪಾಯದವರಿಗೆ 18ರಿಂದ 36 ತಿಂಗಳು ಗಂಡು ಹಾರ್ಮೋನ್ ತಗ್ಗಿಸುವ ಚಿಕಿತ್ಸೆ ಜೊತೆಗಿರುತ್ತದೆ. ಲ್ಯುಪ್ರೋಲೈಡ್‌ನಂಥ ಸೂಜಿ ಶುರುವಿನಲ್ಲಿ ಹಾರ್ಮೋನನ್ನು ಒಮ್ಮೆ ಏರಿಸಿ ಆಮೇಲೆ ಇಳಿಸುತ್ತದೆ. ಆ ಏರಿಕೆಗೆ ತಡೆಯಾಗಿ ಕೆಲವು ವಾರ ಬೈಕಲುಟಮೈಡ್ ಗುಳಿಗೆ ಕೊಡುತ್ತಾರೆ. ಮೈಯೆಲ್ಲ ಥಟ್ಟನೆ ಬಿಸಿಯೇರಿ ಬೆವರುವುದು, ದಣಿವು, ಸೊಂಟದ ಸುತ್ತ ಬೊಜ್ಜು, ಸಕ್ಕರೆ ಏರುವುದು, ಮೂಳೆ ಸವೆಯುವುದು ಇದರ ಕಾಟ. ಎಷ್ಟೋ ಸಲ ‘ಕರೆಂಟ್ ಇಟ್ಟ ಮ್ಯಾಲೆ ಅಪ್ಪಗ ತ್ರಾಣನ ಇಲ್ಲ’ ಎಂಬ ದೂರು ರೇಡಿಯೇಶನ್ನಿನದಲ್ಲ, ಈ ಸೂಜಿಯದು. ದಿನವೂ ಅರ್ಧ ಗಂಟೆ ನಡಿಗೆ, ಕ್ಯಾಲ್ಸಿಯಂ, ವಿಟಮಿನ್ ಡಿ ಇದಕ್ಕೆ ಬೇಕು.

ಸೂಜಿಯ ಖರ್ಚು ತಪ್ಪಿಸಲು ವೃಷಣ ತೆಗೆಯುವ ಆಪರೇಷನ್ ನಮ್ಮಲ್ಲಿ ಇನ್ನೂ ರೂಢಿಯಲ್ಲಿದೆ. ಮೂಳೆಗೆ ಹಬ್ಬಿ, ಜೀವನಪೂರ್ತಿ ಹಾರ್ಮೋನ್ ತಗ್ಗಿಸಬೇಕಾದವರಿಗೆ ಅದು ಸರಿಯಾದ ದಾರಿಯೇ. ಆದರೆ ಗ್ರಂಥಿಯೊಳಗಿನ ಕಾಯಿಲೆಗೆ ಆರೇ ತಿಂಗಳ ಸೂಜಿ ಸಾಕಾಗುವ ಮನುಷ್ಯನಿಗೆ ಮರಳಿ ಬಾರದ ಆಪರೇಷನ್ ಮಾಡಿಸುವುದು ಅನ್ಯಾಯ. ‘ಎಷ್ಟು ತಿಂಗಳಿಗೆ ಬೇಕು?’ ಎಂದು ಕೇಳಿಯೇ ಸಹಿ ಹಾಕಿ.

ಬ್ರಾಕಿಥೆರಪಿ ಎಂಬುದು ಒಳಗಿನಿಂದ ಕೊಡುವ ರೇಡಿಯೇಶನ್. ಇರಿಡಿಯಂ ಬಳಸುವ ಬಗೆಯಲ್ಲಿ ಸೂಜಿಗಳ ಮೂಲಕ ಕೆಲವು ನಿಮಿಷ ಕೊಟ್ಟು ತೆಗೆದುಬಿಡುತ್ತಾರೆ, ಮೈಯಲ್ಲಿ ಏನೂ ಉಳಿಯದು. ಅಯೋಡಿನ್-125 ಬೀಜಗಳಾದರೆ ಒಳಗೇ ಉಳಿಯುತ್ತವೆ, 60 ದಿನಕ್ಕೊಮ್ಮೆ ಶಕ್ತಿ ಅರ್ಧವಾಗುತ್ತದೆ. ಮೊದಲ ಎರಡು ತಿಂಗಳು ಚಿಕ್ಕ ಮಕ್ಕಳನ್ನು ಬಹಳ ಹೊತ್ತು ತೊಡೆಯ ಮೇಲೆ ಕೂರಿಸಬಾರದು, ಬಸುರಿಯರ ಹತ್ತಿರ ಬಹಳ ಹೊತ್ತು ಕೂರಬಾರದು. ಲುಟೀಷಿಯಂ-177 ಪಿಎಸ್ಎಂಎ ಎಂಬ ರಕ್ತನಾಳಕ್ಕೆ ಕೊಡುವ ಚಿಕಿತ್ಸೆಯ ಹೆಸರೂ ಈಗ ಕೇಳಿಬರುತ್ತದೆ. ಅದು ಮೈಯೆಲ್ಲ ಹಬ್ಬಿದ, ಹಾರ್ಮೋನಿಗೆ ಬಗ್ಗದ ಕಾಯಿಲೆಗೆ; ಆರು ವಾರಕ್ಕೊಮ್ಮೆ ಕೊಡುತ್ತಾರೆ, ಬಾಯಿ ಒಣಗುವುದು ಅದರ ಮುಖ್ಯ ತೊಂದರೆ. ಗ್ರಂಥಿಯೊಳಗಿನ ಕಾಯಿಲೆಯವರು ಅದರ ಹಿಂದೆ ಓಡಬೇಕಿಲ್ಲ.

ಹಣ, ಪ್ರಯಾಣ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ ಗರಿಷ್ಠ 1.5 ಲಕ್ಷದವರೆಗೆ ನೆರವಿದೆ. ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮತ್ತು ಮುಂಗಡ ಮಂಜೂರಾತಿ ಬೇಕು. ಸ್ಕ್ಯಾನಿಗೆ ದುಡ್ಡು ಕಟ್ಟುವ ಮುಂಚೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಾಣಿ. ಕಟ್ಟಿದ ಮೇಲೆ ವಾಪಸ್ ಪಡೆಯುವುದು ಕಷ್ಟ. ಚಿಕ್ಕೋಡಿ, ಅಥಣಿಯವರಿಗೆ ಮಿರಜ ಹತ್ತಿರ, ಇಂಡಿಯವರಿಗೆ ಸೊಲ್ಲಾಪುರ ಹತ್ತಿರ. ಆದರೆ ರಾಜ್ಯದ ಗಡಿ ದಾಟುವ ಮುನ್ನ ನಿಮ್ಮ ಕಾರ್ಡು ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಖಚಿತ ಮಾಡಿಕೊಳ್ಳಬೇಕು. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಕಲಬುರಗಿಯ ಕಿದ್ವಾಯಿ ಕೇಂದ್ರ ರಾಜ್ಯದೊಳಗಿನ ಆಯ್ಕೆಗಳು. ಚಿಕಿತ್ಸೆಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು 3 ಎಸಿಯಲ್ಲಿ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗಾರನಿಗೆ ಶೇ. 75 ರಿಯಾಯಿತಿ, ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು.

ಮುಗಿದ ಮೇಲೆ ಪಿಎಸ್ಎ

ಆಪರೇಷನ್ ಆದವರ ಪಿಎಸ್ಎ ಕೆಲವೇ ವಾರದಲ್ಲಿ ಸೊನ್ನೆಯ ಹತ್ತಿರ ಬರುತ್ತದೆ. ರೇಡಿಯೇಶನ್ ಆದವರದ್ದು ಹಾಗಲ್ಲ. ಗ್ರಂಥಿ ಒಳಗೇ ಇದೆ. ಒಂದೂವರೆ ಎರಡು ವರ್ಷ ನಿಧಾನವಾಗಿ ಇಳಿದು ತಳಮಟ್ಟ ಮುಟ್ಟುತ್ತದೆ. ನಡುವೆ, ಹೆಚ್ಚಾಗಿ ಒಂದರಿಂದ ಎರಡು ವರ್ಷದೊಳಗೆ, ಕಾರಣವಿಲ್ಲದೆ ಸ್ವಲ್ಪ ಏರಿ ತಾನೇ ಇಳಿಯುವುದೂ ಉಂಟು. 0.6 ಇದ್ದದ್ದು 1.1 ಆಯಿತು ಎಂದು ಮನೆಯಲ್ಲಿ ಊಟ ಬಿಡುವವರಿಗೆ ಇದು ತಿಳಿದಿರಬೇಕು. ವೈದ್ಯರು ಕಾಯಿಲೆ ಮರಳಿದೆ ಎನ್ನುವುದು ತಳಮಟ್ಟಕ್ಕಿಂತ 2 ಹೆಚ್ಚಾದಾಗ, ತಳ 0.4 ಆಗಿದ್ದರೆ 2.4. ಹಾರ್ಮೋನ್ ಸೂಜಿ ನಿಲ್ಲಿಸಿದ ಮೇಲೂ ಸ್ವಲ್ಪ ಏರುವುದು ಸಹಜ. ಮೊದಲ ಐದು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ. ಸಾಧ್ಯವಾದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ. ಮೂತ್ರದ ಸೋಂಕು ಇರುವಾಗ ಮಾಡಿಸಬೇಡಿ, ಸಂಖ್ಯೆ ಸುಳ್ಳೇ ಏರುತ್ತದೆ. ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ನುಂಗುವವರಲ್ಲಿ ಸಂಖ್ಯೆ ಅರ್ಧಕ್ಕಿಳಿದು ಕಾಣುವುದರಿಂದ ಅದನ್ನೂ ಹೇಳಿ.

ಆರು ತಿಂಗಳಿಂದ ಮೂರು ವರ್ಷದೊಳಗೆ ಕೆಲವರಿಗೆ ಸಂಡಾಸದಲ್ಲಿ ಕೆಂಪು ರಕ್ತ ಕಾಣುತ್ತದೆ. ಗುದನಾಳದ ಮುಂಗೋಡೆಯಲ್ಲಿ ಎಳೆಯ, ಬಿರುಸಿಲ್ಲದ ರಕ್ತನಾಳಗಳು ಹುಟ್ಟಿ ಒಡೆಯುವುದೇ ಇದಕ್ಕೆ ಕಾರಣ. ಮಲ ಗಟ್ಟಿಯಾಗದಂತೆ ನೋಡಿಕೊಂಡರೆ ಎಷ್ಟೋ ಮಂದಿಗೆ ತಾನಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ಸುಕ್ರಾಲ್ಫೇಟ್ ಎನಿಮಾ, ಆರ್ಗಾನ್ ಪ್ಲಾಸ್ಮಾ ಚಿಕಿತ್ಸೆ ಇದೆ. ಮೂಲವ್ಯಾಧಿ ಎಂದು ತಿಳಿದು ಊರಿನಲ್ಲಿ ದಾರ ಕಟ್ಟಿಸಿಕೊಳ್ಳುವುದು, ಸುಡಿಸಿಕೊಳ್ಳುವುದು ಅಪಾಯ: ಕಿರಣ ತಾಗಿದ ಗೋಡೆಯ ಗಾಯ ಸುಲಭಕ್ಕೆ ಮಾಯುವುದಿಲ್ಲ. ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬಹುದು, ಮಾಡಿಸಿಕೊಳ್ಳಲೂ ಬೇಕು. ಆದರೆ ಪ್ರಾಸ್ಟೇಟಿಗೆ ರೇಡಿಯೇಶನ್ ಆಗಿದೆ ಎಂದು ಮೊದಲೇ ಹೇಳದಿದ್ದರೆ ಅವರು ಮುಂಗೋಡೆಯಿಂದಲೇ ಬಯಾಪ್ಸಿಯ ತುಣುಕು ತೆಗೆಯಬಹುದು; ಅಲ್ಲಿ ತೂತು ಬಿದ್ದು ಮೂತ್ರನಾಳಕ್ಕೂ ಗುದನಾಳಕ್ಕೂ ದಾರಿಯಾದ ಉದಾಹರಣೆಗಳಿವೆ. ಚಿಕಿತ್ಸೆ ಮುಗಿದ ದಿನ ಕೊಡುವ ಸಮ್ಮರಿ ಚೀಟಿಯಲ್ಲಿ ಒಟ್ಟು ಡೋಸು, ಎಷ್ಟು ಸಲ, ಯಾವ ಭಾಗ, ಯಾವ ತಾರೀಖಿನಿಂದ ಎಂಬುದೆಲ್ಲ ಇರುತ್ತದೆ. ಅದರ ಎರಡು ಝೆರಾಕ್ಸ್ ತೆಗೆಸಿ, ಒಂದನ್ನು ಆಧಾರ್ ಕಾರ್ಡಿನ ಜೊತೆಗೇ ಇಡಿ. ಯಾವ ವೈದ್ಯರಲ್ಲಿಗೆ ಹೋದರೂ ಮೊದಲು ಅದನ್ನೇ ತೋರಿಸಿ.